ವ್ಯಾಕ್ಸ್ ಆಮೇಲೆ, ಮೊದಲು ಆ ಬಟ್ಟೆ ಕೆಳಗಿಡಿ!

"ಹೊಸ ಕಾರು ತಾನೇ, ಒಂದ್ಸಲ ಒರೆಸಿ ವ್ಯಾಕ್ಸ್ ಹಚ್ಚಿಬಿಡಿ, ಫಳಫಳ ಅನ್ನುತ್ತೆ."

ಬೆಂಗಳೂರಿನಲ್ಲಿ ಬಿಸಿಲು, ಮಳೆ ಎರಡೂ ಸೇರಿ ಹಾಳು ಮಾಡಿದ್ದಕ್ಕಿಂತ ಹೆಚ್ಚು ಕಾರುಗಳ ಬಣ್ಣವನ್ನು ಈ ಒಂದು ವಾಕ್ಯ ಹಾಳು ಮಾಡಿದೆ ಅನ್ನೋದು ನನ್ನ ವಾದ. ಆಫೀಸಿನ ಕ್ಯಾಂಟೀನಿನಲ್ಲಿ ಕೇಳಿ, ಪಾರ್ಕಿಂಗ್‌ನಲ್ಲಿ ಕೇಳಿ, ಕಾರಿನ ಸಾಮಾನು ಮಾರುವ ಅಂಗಡಿಯಲ್ಲಿ ಕೇಳಿ, ಇದೇ ಉಪದೇಶ. ಆಯುಧ ಪೂಜೆ ಹತ್ತಿರ ಬಂದರಂತೂ ಕೇಳೋದೇ ಬೇಡ. ವರ್ಷವಿಡೀ ಕಾರಿನ ಕಡೆ ತಿರುಗಿ ನೋಡದವರೂ ಹಿಂದಿನ ದಿನ ಸಂಜೆ ಒಂದು ಡಬ್ಬಿ ವ್ಯಾಕ್ಸ್, ಒಂದು ಹಳದಿ ಬಟ್ಟೆ ಹಿಡಿದು ಇಳಿದುಬಿಡುತ್ತಾರೆ.

ಈ ಬರಹ ಅವರ ವಿರುದ್ಧ. ಅವರಿಗೆ ಆ ಉಪದೇಶ ಕೊಟ್ಟವರ ವಿರುದ್ಧ ಇನ್ನೂ ಸ್ವಲ್ಪ ಜಾಸ್ತಿ. ಕೋಪ ಬಂದರೆ ಕೆಳಗೆ ಕಾಮೆಂಟ್ ಹಾಕಿ ಬೈಯಿರಿ, ಬೇಜಾರಿಲ್ಲ :-)

ಮೊದಲು ವ್ಯಾಕ್ಸ್ ಅಂದರೇನು ನೋಡೋಣ. ಡಬ್ಬಿಯ ಮೇಲೆ 'ಕಾರ್ನೂಬಾ' ಅಂತ ದೊಡ್ಡದಾಗಿ ಬರೆದಿರುತ್ತದಲ್ಲ, ಅದು ಬ್ರೆಜಿಲ್ ದೇಶದ ಈಶಾನ್ಯ ಭಾಗದಲ್ಲಿ ಬೆಳೆಯುವ ಒಂದು ಜಾತಿಯ ತಾಳೆಮರದ ಎಲೆಯ ಮೇಣ. ಬಿಸಿಲಿಗೆ ಎಲೆಯೊಳಗಿನ ನೀರು ಆರಿಹೋಗದ ಹಾಗೆ ಮರ ತಾನೇ ಮಾಡಿಕೊಂಡ ರಕ್ಷಣೆ. 82ರಿಂದ 86 ಡಿಗ್ರಿ ಸೆಲ್ಸಿಯಸ್‌ವರೆಗೆ ಕರಗೋದಿಲ್ಲ. ಕಾರಿನ ಮೇಲೆ ಹಚ್ಚಿದರೆ ನೀರು ಹನಿಹನಿಯಾಗಿ ಜಾರುತ್ತದೆ, ಹೊಳಪು ಬರುತ್ತದೆ, ಕೆಲವು ವಾರ ಇದ್ದು ಹೋಗುತ್ತದೆ. ಅಷ್ಟೇ. ಅದು ಗೀರು ತೆಗೆಯೋದಿಲ್ಲ, ಕೊಳೆ ತೆಗೆಯೋದಿಲ್ಲ, ಅಂಟಿದ ಕಬ್ಬಿಣದ ಪುಡಿ ತೆಗೆಯೋದಿಲ್ಲ. ಕೆಳಗೆ ಏನಿದೆಯೋ ಅದರ ಮೇಲೆ ಕೂರುತ್ತದೆ. ಹಬ್ಬಕ್ಕೆ ಗೋಡೆಗೆ ಸುಣ್ಣ ಹೊಡೆಯುವಾಗ ನಮ್ಮ ಅಜ್ಜಿ ಮೊದಲು ಹಳೇ ಚಕ್ಕೆ ಕೆರೆಸಿ, ಜೇಡರಬಲೆ ತೆಗೆಸಿ, ಆಮೇಲೇ ಬಕೆಟ್ಟಿಗೆ ಸುಣ್ಣ ಕದಡಿಸುತ್ತಿದ್ದರು. ಅಜ್ಜಿಗೆ ಗೊತ್ತಿದ್ದದ್ದು ಇಂಜಿನಿಯರಿಂಗ್ ಓದಿದ ನಮಗೆ ಗೊತ್ತಿಲ್ಲ!

"ಆದರೆ ಇದು ಹೊಸ ಕಾರು ಮಾರಾಯ, ಇದರ ಮೇಲೆ ಏನಿರುತ್ತೆ?"

ಇರುತ್ತೆ ಸ್ವಾಮಿ. ಕಾರು ನಿಮಗೆ ಹೊಸದು, ಅದರ ಬಣ್ಣಕ್ಕೆ ನಿಮಗಿಂತ ಮುಂಚೆಯೇ ಬೇಕಾದಷ್ಟು ಲೋಕಾನುಭವ ಆಗಿರುತ್ತದೆ. ಕಾರ್ಖಾನೆಯ ಅಂಗಳದಲ್ಲಿ ಬಿಸಿಲು, ಆಮೇಲೆ ಲಾರಿ ಅಥವಾ ರೈಲು, ಆಮೇಲೆ ಊರಾಚೆಯ ಬಯಲಿನಲ್ಲಿ ವಾರಗಟ್ಟಲೆ ನಿಲುಗಡೆ. ಈಗ ಕಾರುಗಳು ರೈಲಿನಲ್ಲಿ ಬರೋದು ಹೆಚ್ಚುತ್ತಿದೆ. ಮಾರುತಿಯವರ ಗುಜರಾತಿನ ಕಾರ್ಖಾನೆಯೊಳಗೇ 2024ರಲ್ಲಿ, ಮಾನೇಸರದ ಕಾರ್ಖಾನೆಯೊಳಗೆ 2025ರಲ್ಲಿ ರೈಲು ಹಳಿ ಬಂತು. ಪರಿಸರಕ್ಕೆ ಒಳ್ಳೆಯದೇ, ನನ್ನ ತಕರಾರಿಲ್ಲ. ಆದರೆ ಗಾಲಿ, ಹಳಿ, ಬ್ರೇಕ್ ಉಜ್ಜಿದಾಗ ಹಾರುವ ಸಣ್ಣ ಕಬ್ಬಿಣದ ಕಣಗಳು ಬಣ್ಣದ ಮೇಲೆ ಕೂತು, ತೇವಕ್ಕೆ ತುಕ್ಕು ಹಿಡಿದು ಕಚ್ಚಿಕೊಳ್ಳುತ್ತವೆ. ಕಾರು ತಿದ್ದುವವರ ಭಾಷೆಯಲ್ಲಿ ಇದಕ್ಕೆ 'ರೈಲ್ ಡಸ್ಟ್' ಅಂತಲೇ ಹೆಸರು. ಬಿಳಿ ಕಾರಿದ್ದರೆ ಬಾನೆಟ್ ಮೇಲೆ ಸೂಜಿಮೊನೆಯಷ್ಟು ಕಂದು ಚುಕ್ಕೆಗಳನ್ನು ಹುಡುಕಿ ನೋಡಿ. ರೈಲಿನಲ್ಲಿ ಬಾರದ ಕಾರಿಗೂ ರಸ್ತೆಯ ಬ್ರೇಕ್ ಪುಡಿ ತಪ್ಪಿದ್ದಲ್ಲ. ನಮ್ಮ ಸಿ.ವಿ. ರಾಮನ್ ನಗರದವರಿಗಂತೂ ಎರಡೂ ಉಂಟು. ಬೈಯ್ಯಪ್ಪನಹಳ್ಳಿಯಿಂದ ಹೊಸೂರಿನ ಕಡೆ ಹೋಗುವ ಹಳಿ ಕಗ್ಗದಾಸಪುರದಲ್ಲೇ ಹಾದುಹೋಗುತ್ತದೆ, ಬಾಗ್ಮನೆ ಟೆಕ್ ಪಾರ್ಕಿಗೆ ಹೋಗುವ ದಾರಿಯಲ್ಲಿ ಬೆಳಗ್ಗೆ ಬ್ರೇಕ್ ಮೇಲಿಂದ ಕಾಲು ತೆಗೆಯುವ ಹಾಗೇ ಇರೋದಿಲ್ಲ.

ನಂಬಿಕೆ ಇಲ್ಲದಿದ್ದರೆ ಒಂದು ಪರೀಕ್ಷೆ ಮಾಡಿ. ಕಾರನ್ನು ಚೆನ್ನಾಗಿ ತೊಳೆದು, ತೆಳುವಾದ ಪ್ಲಾಸ್ಟಿಕ್ ಕವರಿನೊಳಗೆ ಕೈ ಹಾಕಿ, ಬೆರಳ ತುದಿಯಿಂದ ಬಾನೆಟ್ಟನ್ನು ಮೆಲ್ಲಗೆ ಸವರಿ. ಕಣ್ಣಿಗೆ ಕನ್ನಡಿಯ ಹಾಗಿದ್ದದ್ದು ಕೈಗೆ ಚಿರೋಟಿ ರವೆ ಸವರಿದ ಹಾಗೆ ಸಿಗುತ್ತದೆ. ನನ್ನ ಐದು ತಿಂಗಳ ಕಾರಿನ ಬಾನೆಟ್ ಹಾಗಿತ್ತು. ಅದರ ಮೇಲೆ ವ್ಯಾಕ್ಸ್ ಹಚ್ಚೋದು ಅಂದರೆ ರವೆಯನ್ನು ಬೆಣ್ಣೆಯಲ್ಲಿ ಕಲಸಿ ಉಜ್ಜಿದ ಹಾಗೆ.

ಈಗ ಒರೆಸೋ ಬಟ್ಟೆಯ ವಿಷಯಕ್ಕೆ ಬರೋಣ. ನನ್ನ ಮುಖ್ಯ ಜಗಳ ಇಲ್ಲೇ ಇರೋದು.

ಈಗಿನ ಬಹುತೇಕ ಕಾರುಗಳ ಬಣ್ಣದ ಮೇಲೆ ಬಣ್ಣವಿಲ್ಲದ ಒಂದು ಪದರ ಇರುತ್ತದೆ, ಕ್ಲಿಯರ್ ಕೋಟ್. ದಪ್ಪ ಸುಮಾರು 35ರಿಂದ 50 ಮೈಕ್ರಾನ್, ಅಂದರೆ ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗಕ್ಕೂ ಕಡಿಮೆ. ನಮ್ಮ ತಲೆಗೂದಲೇ ಅದಕ್ಕಿಂತ ದಪ್ಪ. ಬಿಸಿಲಿನ ನೇರಳಾತೀತ ಕಿರಣ ತಡೆಯುವ ರಾಸಾಯನಿಕ ಇರೋದೂ ಇದೇ ಪದರದಲ್ಲಿ. ಕಾರಿನ ಅಂದ, ಆಯುಷ್ಯ ಎರಡೂ ಇಷ್ಟು ತೆಳು ಹಾಳೆಯ ಮೇಲೆ ನಿಂತಿದೆ.

ಇನ್ನು ನಮ್ಮ ಧೂಳು. ಬೆಂಗಳೂರು ಕೂತಿರೋದು ಲಾಲ್‌ಬಾಗಿನ ಬಂಡೆಯಂಥ ನೈಸ್ ಶಿಲೆಯ ಮೇಲೆ, ಅದಕ್ಕೆ ಸುಮಾರು ಮುನ್ನೂರು ಕೋಟಿ ವರ್ಷ ವಯಸ್ಸು. ಆ ಕಲ್ಲಿನಲ್ಲಿ ಸ್ಫಟಿಕಶಿಲೆ, ಅಂದರೆ ಕ್ವಾರ್ಟ್ಸ್, ಧಾರಾಳವಾಗಿದೆ. ಮೋಸ್ ಗಡಸುತನದ ಪಟ್ಟಿಯಲ್ಲಿ ಕ್ವಾರ್ಟ್ಸ್‌ಗೆ 7, ಕಿಟಕಿ ಗಾಜಿಗೆ ಐದೂವರೆ. ಗಾಜನ್ನೇ ಗೀರುವ ವಸ್ತುವಿಗೆ ಗಾಜಿಗಿಂತ ಎಷ್ಟೋ ಮೆತ್ತಗಿರುವ ಕ್ಲಿಯರ್ ಕೋಟ್ ಯಾವ ಲೆಕ್ಕ? ಸಾಲದ್ದಕ್ಕೆ ಊರೆಲ್ಲ ಎಂ-ಸ್ಯಾಂಡ್. ಹೊಳೆಯ ಮರಳು ಉರುಳಿ ಉರುಳಿ ದುಂಡಗಾಗಿರುತ್ತದೆ, ಯಂತ್ರದಲ್ಲಿ ಒಡೆದ ಮರಳಿಗೆ ಮೊನೆಗಳು ಹಾಗೇ ಉಳಿದಿರುತ್ತವೆ. ಪಕ್ಕದ ಸೈಟಿನಲ್ಲಿ ಮನೆ ಏಳುತ್ತಿದ್ದರೆ ರಾತ್ರಿ ನಿಮ್ಮ ಕಾರಿನ ಮೇಲೆ ಬೀಳೋದು ಅದರ ಪುಡಿ.

ಬೆಳಗ್ಗೆ ಎದ್ದು ಆ ಪುಡಿಯ ಮೇಲೆ ಒಣ ಬಟ್ಟೆ ಎಳೆದರೆ ಅದು ಒರೆಸೋದಲ್ಲ, ಸ್ಯಾಂಡ್ ಪೇಪರ್ ಹಾಕೋದು. ಒಂದೇ ಬಕೆಟ್ ನೀರಿನಲ್ಲಿ ಅದ್ದಿ ಅದ್ದಿ ಹತ್ತು ಕಾರು ಒರೆಸಿದರೂ ಅದೇ ಕಥೆ, ಹಿಂದಿನ ಒಂಬತ್ತು ಕಾರಿನ ಮರಳು ಹತ್ತನೆಯದರ ಮೇಲೆ. ಆಮೇಲೆ ಮಧ್ಯಾಹ್ನದ ಬಿಸಿಲಿಗೆ ನಿಲ್ಲಿಸಿ ನೋಡಿ, ಸೂರ್ಯನ ಪ್ರತಿಬಿಂಬದ ಸುತ್ತ ಜೇಡರಬಲೆಯ ಹಾಗೆ ಸುತ್ತುಸುತ್ತು ಗೆರೆಗಳು. ನಿಜವಾಗಿ ಗೀರುಗಳು ಎಲ್ಲ ದಿಕ್ಕಿಗೂ ಇರುತ್ತವೆ, ಬೆಳಕಿಗೆ ಅಡ್ಡವಾಗಿ ಬಿದ್ದವು ಮಾತ್ರ ಹೊಳೆದು ನಮ್ಮ ಕಣ್ಣಿಗೆ ವೃತ್ತವಾಗಿ ಕಾಣುತ್ತವೆ. ಹಳೇ ಸ್ಟೀಲ್ ತಟ್ಟೆಯಲ್ಲೂ ಇದನ್ನು ನೋಡಬಹುದು. ಬೆಳಕು ಚದುರುವ ಬಗೆಯನ್ನು ಹುಡುಕಿ 1930ರಲ್ಲಿ ನೊಬೆಲ್ ತಂದವರ ಹೆಸರಿನ ಬಡಾವಣೆಯಲ್ಲಿ ಕೂತು ನಾವು ದಿನಾ ಬೆಳಗ್ಗೆ ಬೆಳಕು ಚದುರಿಸುವ ಗೀರು ತಯಾರಿಸುತ್ತಿದ್ದೇವೆ!

ಇಲ್ಲಿ ಒಂದು ಮಾತು ಹೇಳಲೇಬೇಕು. ನಮ್ಮ ಕಟ್ಟಡದಲ್ಲಿ ಕಾರು ಒರೆಸೋಕೆ ಒಬ್ಬರು ಬರುತ್ತಾರೆ. ಬೆಳಗ್ಗೆ ಐದರಿಂದ ಎಂಟರೊಳಗೆ ಇಪ್ಪತ್ತೆರಡು ಕಾರು. ಲೆಕ್ಕ ಹಾಕಿ, ಒಂದಕ್ಕೆ ಎಂಟು ನಿಮಿಷ. ತಿಂಗಳಿಗೆ ಕಾರಿಗೆ 500 ರೂಪಾಯಿ. ಬಟ್ಟೆ ಅವರದ್ದೇ, ಬಕೆಟ್ ಅವರದ್ದೇ. ಹೋದ ತಿಂಗಳು ಕಡುನೀಲಿ ಕಾರಿನ ಯಜಮಾನರೊಬ್ಬರಿಗೆ ಬಿಸಿಲಿನಲ್ಲಿ ಈ ಜೇಡರಬಲೆ ಕಾಣಿಸಿತು. "ಹೊಸ ಕಾರು ಹಾಳು ಮಾಡಿದ್ದೀಯ" ಅಂತ ಎಲ್ಲರೆದುರು ಕೂಗಾಡಿ ಎರಡು ತಿಂಗಳ ದುಡ್ಡು ಹಿಡಿದುಕೊಂಡರು. ಅವರು "ದಿನಾ ಒರೆಸು ಅಂತ ನೀವೇ ಹೇಳಿದ್ದಲ್ವಾ ಸಾರ್" ಅಂದದ್ದು ಬಿಟ್ಟರೆ ಬೇರೇನೂ ಹೇಳಲಿಲ್ಲ.

ಅಷ್ಟೇ ಅಲ್ವಾ ವಿಷಯ? ಒಂದು ಬಕೆಟ್ಟಿನಲ್ಲಿ, ಎಂಟು ನಿಮಿಷದಲ್ಲಿ, ದಿನಾ ಹೊಳೆಯಬೇಕು ಅಂತ ನಿಯಮ ಮಾಡಿದವರು ನಾವು. ಆ ನಿಯಮ ಪಾಲಿಸಿದರೆ ಗೀರು ಬೀಳದೆ ಇರೋಕೆ ಸಾಧ್ಯವೇ ಇಲ್ಲ. ಸಾಫ್ಟ್‌ವೇರ್ ಕೆಲಸದವರಿಗೆ ಬೇಗ ಅರ್ಥವಾಗಬೇಕು ಇದು. ಸ್ಪೆಸಿಫಿಕೇಶನ್ನೇ ತಪ್ಪಿದ್ದಾಗ ಬಗ್ ಅನ್ನು ಟೆಸ್ಟರ್ ತಲೆಗೆ ಕಟ್ಟಿದರೆ ನಾವು ಒಪ್ಪುತ್ತೇವಾ? ಆ ಸಾವಿರ ರೂಪಾಯಿ ವಾಪಸ್ ಕೊಡಿ ಅಂತ ನಾನು ಅಸೋಸಿಯೇಶನ್ನಿಗೆ ಬರೆದಿದ್ದೇನೆ. ಈ ಬರಹ ಪ್ರಕಟವಾಗುವ ಹೊತ್ತಿಗೂ ಉತ್ತರ ಇಲ್ಲ.

ಇನ್ನು ಶೋರೂಮಿನವರು. ಕಾರು ಕೊಡುವ ದಿನ ನನಗೊಬ್ಬರು ಹದಿನೆಂಟು ಸಾವಿರಕ್ಕೆ 'ಟೆಫ್ಲಾನ್ ಕೋಟಿಂಗ್' ಮಾಡಿಸಿಕೊಳ್ಳಿ ಸಾರ್, ಮೂರು ವರ್ಷ ಯೋಚನೆ ಇಲ್ಲ ಅಂದರು. ಬಣ್ಣದ ಮೇಲೆ ಏನಿದೆ ಅಂತ ನೋಡಿದ್ದೀರಾ, ಮೊದಲು ಏನೇನು ಮಾಡ್ತೀರಿ ಅಂದೆ. "ಹೊಸ ಕಾರಲ್ವಾ ಸಾರ್, ಡೈರೆಕ್ಟಾಗಿ ಹಚ್ಚೋದು" ಅಂದರು. ಟೆಫ್ಲಾನ್ ಅನ್ನೋದು 1938ರಲ್ಲಿ ರಾಯ್ ಪ್ಲಂಕೆಟ್‌ಗೆ ಆಕಸ್ಮಿಕವಾಗಿ ಸಿಕ್ಕಿದ ವಸ್ತು. ಅದರ ಗುಣವೇ ಯಾವುದಕ್ಕೂ ಅಂಟದಿರೋದು. ದೋಸೆ ಕಾವಲಿಗೆ ಅದನ್ನು ಕೂರಿಸಬೇಕಾದರೆ, ಅದು ಕರಗುವ 327 ಡಿಗ್ರಿಗಿಂತ ಹೆಚ್ಚು ಕಾಯಿಸುತ್ತಾರೆ. ಕಾರಿಗೆ ಅಷ್ಟು ಶಾಖ ಕೊಟ್ಟರೆ ಬಣ್ಣವೇ ಇರೋದಿಲ್ಲ. ಕೈಯಲ್ಲಿ ಸವರಿದ ಟೆಫ್ಲಾನ್ ಮೂರು ವರ್ಷ ಹೇಗೆ ಅಂಟಿಕೊಂಡಿರುತ್ತದೋ ಹಚ್ಚುವವರೇ ಹೇಳಬೇಕು.

ಸೆರಾಮಿಕ್ ಕೋಟಿಂಗ್ ಬೇರೆ ಜಾತಿ, ಅದು ನಿಜಕ್ಕೂ ಬಹಳ ದಿನ ಇರುತ್ತದೆ. ಆದರೆ '9ಎಚ್ ಗಡಸು, ಗೀರೇ ಬೀಳಲ್ಲ' ಅನ್ನುವವರನ್ನು ನಂಬಬೇಡಿ. ಆ 9ಎಚ್ ಪೆನ್ಸಿಲ್ಲಿನ ಗಡಸುತನದ ಲೆಕ್ಕ, ಡ್ರಾಯಿಂಗ್ ಕ್ಲಾಸಿನ ಎಚ್‌ಬಿ, 2ಎಚ್ ಇದೆಯಲ್ಲ ಅದೇ ಸಾಲು. ವಜ್ರಕ್ಕೆ 10 ಕೊಡುವ ಮೋಸ್ ಪಟ್ಟಿಗೂ ಅದಕ್ಕೂ ಸಂಬಂಧ ಇಲ್ಲ. ಜೊತೆಗೆ ಸೆರಾಮಿಕ್ ಹಾಕುವ ಮುಂಚೆ ಸಿದ್ಧತೆ ಮಾಡದಿದ್ದರೆ ಕೊಳೆ ವರ್ಷಗಟ್ಟಲೆ ಒಳಗೇ ಭದ್ರ.

ಮೂರನೇ ಗುಂಪು 'ರಬ್ಬಿಂಗ್' ಭಕ್ತರದು. ಸರ್ವಿಸಿಗೆ ಬಿಟ್ಟಾಗಲೆಲ್ಲ ಒಂದು ರಬ್ಬಿಂಗ್ ಪಾಲಿಶ್ ಮಾಡಿಸಿದರೆ ಹೊಸದರ ಹಾಗೆ ಆಗುತ್ತೆ ಅನ್ನುತ್ತಾರೆ. ಆಗುತ್ತೆ, ಯಾಕೆಂದರೆ ಗೀರು ಇರುವ ಮೇಲ್ಪದರವನ್ನೇ ಅದು ಸವೆಸಿ ತೆಗೆಯುತ್ತದೆ. ಇರೋ 40 ಮೈಕ್ರಾನಿನಲ್ಲಿ ಪ್ರತಿ ಸಲ ಸ್ವಲ್ಪ ಸ್ವಲ್ಪ ಹೋದರೆ ಏನು ಉಳಿಯುತ್ತದೆ? ಕೆಲವು ಹಳೇ ಕಾರುಗಳ ಬಾನೆಟ್ ಮೇಲೆ ಹಾವಿನ ಪೊರೆಯ ಹಾಗೆ ಎದ್ದ ಬಿಳಿ ಚಕ್ಕೆ ನೋಡಿರುತ್ತೀರಿ. ಕ್ಲಿಯರ್ ಕೋಟ್ ಸತ್ತ ಗುರುತು ಅದು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅಂತಾರಲ್ಲ, ಹಾಗೆ. ಹೋದ ಪದರ ಯಾವ ವ್ಯಾಕ್ಸಿಗೂ ಬರೋದಿಲ್ಲ, ಮತ್ತೆ ಪೇಂಟಿಂಗೇ ಗತಿ.

ನಾಲ್ಕನೆಯವರು "ಹೊಸ ಬಣ್ಣ ಉಸಿರಾಡಬೇಕು, ಮೂರು ತಿಂಗಳು ಏನೂ ಹಚ್ಚಬೇಡಿ" ಅನ್ನುವವರು. ಗ್ಯಾರೇಜಿನಲ್ಲಿ ಟಿಂಕರಿಂಗ್ ಮಾಡಿ ಹೊಸದಾಗಿ ಬಣ್ಣ ಹೊಡೆಸಿದ ಭಾಗಕ್ಕೆ ಈ ಮಾತು ಸರಿ, ಅದು ಪೂರ್ತಿ ಒಣಗೋಕೆ ವಾರಗಳು ಬೇಕು. ಕಾರ್ಖಾನೆಯಲ್ಲಿ ಬಣ್ಣವನ್ನು ಸುಮಾರು 140 ಡಿಗ್ರಿಯ ಒಲೆಯಲ್ಲಿ ಬೇಯಿಸಿರುತ್ತಾರೆ. ಅದು ಶೋರೂಮಿಗೆ ಬರುವ ಮುಂಚೆಯೇ ಗಟ್ಟಿ. ಕಾಯಬೇಕಾಗಿಲ್ಲ, ಸಿದ್ಧ ಮಾಡಬೇಕು ಅಷ್ಟೇ.

ಸರಿಯಪ್ಪ, ಎಲ್ಲರನ್ನೂ ಬೈದೆ, ಹಾಗಾದರೆ ಮಾಡೋದೇನು ಅಂತೀರಾ? ನಾನು ಮಾಡೋದನ್ನು ಹೇಳುತ್ತೇನೆ. ಯಂತ್ರ ಬೇಡ, ಒಂದು ಭಾನುವಾರ ಬೆಳಗ್ಗೆ ಸಾಕು.

1. ಕಾರು ನೆರಳಲ್ಲಿರಲಿ, ಬಾನೆಟ್ ತಣ್ಣಗಿರಲಿ. ಮೊದಲು ಬರೀ ನೀರು ಹಾಕಿ ಸಡಿಲ ಧೂಳು ಇಳಿಸಿ. ಅಲ್ಲಿಯವರೆಗೆ ಬಟ್ಟೆ ತಾಕಿಸುವಂತಿಲ್ಲ.

2. ಎರಡು ಬಕೆಟ್. ಒಂದರಲ್ಲಿ ಕಾರಿನ ಶಾಂಪೂ, ಇನ್ನೊಂದರಲ್ಲಿ ಬರೀ ನೀರು. ಮೈಕ್ರೋಫೈಬರ್ ಬಟ್ಟೆಯನ್ನು ಶಾಂಪೂವಿನಲ್ಲಿ ಅದ್ದಿ, ಒಂದು ಭಾಗ ತೊಳೆದು, ಬರೀ ನೀರಿನಲ್ಲಿ ಜಾಲಿಸಿ, ಮತ್ತೆ ಶಾಂಪೂ. ಮೇಲಿಂದ ಕೆಳಗೆ ಬನ್ನಿ, ಚಕ್ರದ ಸುತ್ತ ಕೊನೆಗೆ, ಅದಕ್ಕೆ ಬೇರೆ ಬಟ್ಟೆ. ನೆಲಕ್ಕೆ ಬಿದ್ದ ಬಟ್ಟೆ ಮತ್ತೆ ಕಾರಿಗಿಲ್ಲ. ಪಾತ್ರೆ ತೊಳೆಯುವ ಸೋಪು ಪಾತ್ರೆಗೇ ಇರಲಿ.

3. ಕಬ್ಬಿಣದ ಚುಕ್ಕೆ ಇದ್ದರೆ ಅದನ್ನು ಕರಗಿಸುವ ದ್ರಾವಣ ಸಿಗುತ್ತದೆ. ಸಿಂಪಡಿಸಿದರೆ ಚುಕ್ಕೆಗಳು ನೇರಳೆ ಬಣ್ಣಕ್ಕೆ ತಿರುಗಿ ಇಳಿಯುತ್ತವೆ. ಕೊಳೆತ ಮೊಟ್ಟೆಯ ವಾಸನೆ, ಮೂಗು ಮುಚ್ಚಿಕೊಳ್ಳಿ. ಕೈಗೆ ಗ್ಲೌಸ್ ಇರಲಿ. ಒಣಗಲು ಬಿಡದೆ ತೊಳೆಯಿರಿ.

4. ಮತ್ತೆ ಕವರ್ ಪರೀಕ್ಷೆ. ಇನ್ನೂ ರವೆ ಇದ್ದರೆ ಕ್ಲೇ ಬಾರ್. ಚಪಾತಿ ಹಿಟ್ಟಿನ ಹಾಗಿರುವ ಈ ಜೇಡಿಯನ್ನು ಜಪಾನಿನ ತದಾವೊ ಕದಾತೆ ರೂಪಿಸಿದ್ದು. 1995ರ ಅವರ ಅಮೆರಿಕದ ಪೇಟೆಂಟಿನಲ್ಲಿ ಇದಕ್ಕಿರುವ ಹೆಸರು ಹೆಚ್ಚುಕಡಿಮೆ 'ಬಾಗುವ ಸಾಣೆಕಲ್ಲು' ಅಂತ! ಹೆಸರಿನಲ್ಲೇ ಎಚ್ಚರಿಕೆ ಇದೆ. ಶಾಂಪೂ ನೀರು ಧಾರಾಳವಾಗಿ ಚಿಮುಕಿಸಿ, ಒತ್ತಡ ಹಾಕದೆ, ನೇರ ಗೆರೆಯಲ್ಲಿ ಜಾರಿಸಿ. ಕೊಳೆ ಕಂಡ ಹಾಗೆ ಮಡಚಿ ಹೊಸ ಮೈ ತೆಗೆಯಿರಿ. ಕೈ ಜಾರಿ ನೆಲಕ್ಕೆ ಬಿತ್ತೋ, ಆ ತುಂಡು ಕಸದ ಬುಟ್ಟಿಗೆ.

5. ತೊಳೆದು, ಒಣ ಮೈಕ್ರೋಫೈಬರ್ ಟವೆಲ್ ಹಾಸಿ ಒತ್ತಿ ನೀರು ಹೀರಿಸಿ, ಉಜ್ಜಬೇಡಿ. ಹಕ್ಕಿ ಹಿಕ್ಕೆಯ ಕಲೆ, ಗೀರು ಕಂಡ ಜಾಗಕ್ಕಷ್ಟೇ ಸೌಮ್ಯವಾದ ಪಾಲಿಶ್ ಕೈಯಲ್ಲಿ ಹಚ್ಚಿ. ಅದನ್ನೂ ಮೊದಲು ಅಂಗೈ ಅಗಲ ಜಾಗದಲ್ಲಿ ಮಾಡಿ ನೋಡಿ. ಇಡೀ ಕಾರಿಗೆ ಬೇಡ.

6. ಈಗ, ಈಗ ಮಾತ್ರ, ವ್ಯಾಕ್ಸ್. ತೆಳುವಾಗಿ, ಒಂದೊಂದೇ ಭಾಗ. ಮಂಜು ಕವಿದ ಹಾಗೆ ಆದಮೇಲೆ ಬೆರಳಲ್ಲಿ ಗೀಟು ಎಳೆದು ನೋಡಿ, ಅಂಟದೆ ಬಂದರೆ ಒರೆಸಿ. ದಪ್ಪ ಬಳಿದರೆ ಹೊಳಪು ಹೆಚ್ಚಾಗೋದಿಲ್ಲ, ಕೈ ನೋವು ಹೆಚ್ಚಾಗುತ್ತದೆ.

ವ್ಯಾಕ್ಸ್ ಬಂದದ್ದು ಆರನೇ ಹೆಜ್ಜೆಗೆ, ಗಮನಿಸಿ. ಹೊಳಪಿನ ಬಹುಪಾಲು ಮೊದಲ ಐದರಲ್ಲೇ ಬಂದಿರುತ್ತದೆ.

ಇನ್ನು ನೀವು ಕೇಳುವ ಪ್ರಶ್ನೆ ಗೊತ್ತು. "ಕುಡಿಯೋಕೆ ನೀರಿಲ್ಲದ ಊರಲ್ಲಿ ಕಾರಿಗೆ ಎರಡು ಬಕೆಟ್ಟಾ?" ನ್ಯಾಯವಾದ ಪ್ರಶ್ನೆ. 2024ರ ಮಾರ್ಚಿನಲ್ಲಿ ಬೋರ್‌ವೆಲ್‌ಗಳು ಬತ್ತಿದಾಗ ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆಯೋದನ್ನು ನಿಷೇಧಿಸಿ 5,000 ರೂಪಾಯಿ ದಂಡ ಅಂತ ಆದೇಶ ಮಾಡಿತ್ತು, 2025ರ ಫೆಬ್ರವರಿಯಲ್ಲಿ ಮತ್ತೆ ಮಾಡಿತು. ಆ ಆದೇಶ ಸರಿ ಅಂತಲೇ ನನ್ನ ಅಭಿಪ್ರಾಯ.

ಹಾಗಾಗಿ ಲೆಕ್ಕ ಹಾಕೋಣ. ದಿನಾ ಒರೆಸುವ ಪದ್ಧತಿಯಲ್ಲಿ ಕಾರಿಗೊಂದು ಬಕೆಟ್, 15 ಲೀಟರ್ ಅನ್ನಿ. ತಿಂಗಳಿಗೆ 26 ದಿನ. ವರ್ಷಕ್ಕೆ 4,680 ಲೀಟರ್. ನನ್ನ ಪದ್ಧತಿಯಲ್ಲಿ ಹದಿನೈದು ದಿನಕ್ಕೊಮ್ಮೆ ತೊಳೆಯೋಕೆ 40 ಲೀಟರ್, ವರ್ಷಕ್ಕೆ 26 ಸಲ, 1,040. ಜೊತೆಗೆ ವ್ಯಾಕ್ಸಿನ ಸಿದ್ಧತೆಗೆ ವರ್ಷಕ್ಕೆರಡು ಸಲ ಹೆಚ್ಚುವರಿ 60, ಒಟ್ಟು 1,160. ಕಾಲುಭಾಗ! ನಲವತ್ತು ಕಾರಿರುವ ಕಟ್ಟಡದಲ್ಲಿ ವರ್ಷಕ್ಕೆ ಉಳಿಯೋದು 1,40,800 ಲೀಟರ್. ಆರು ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಇಪ್ಪತ್ಮೂರು ಟ್ಯಾಂಕರ್. ಇನ್ನು ಹೋಸ್ ಪೈಪ್ ಬಿಟ್ಟುಕೊಂಡು ಫೋನಿನಲ್ಲಿ ಮಾತಾಡುವವರ ಲೆಕ್ಕ ನಾನು ಹಾಕೋದಿಲ್ಲ, ಬಿಪಿ ಏರುತ್ತೆ.

ಅದರಲ್ಲೂ ಕಾರಿಗೆ ಬೇಕಾದ ನೀರು ಆಕಾಶದಿಂದ ಬರುತ್ತೆ. ನಮ್ಮ ಕಡೆಯ ಬೋರ್‌ವೆಲ್ ನೀರು ಗಡಸು, ಒಣಗಿದರೆ ಸುಣ್ಣದ ಬಿಳಿ ಉಂಗುರ ಉಳಿಸಿ ಹೋಗುತ್ತದೆ, ಬಿಸಿಲಿಗೆ ಅದು ಬಣ್ಣಕ್ಕೇ ಕಚ್ಚುತ್ತದೆ. ಮಳೆನೀರಿನಲ್ಲಿ ಸುಣ್ಣ ಇಲ್ಲ. 2009ರಲ್ಲಿ ಜಲಮಂಡಳಿ ಕಾಯ್ದೆ ತಿದ್ದಿ ದೊಡ್ಡ ನಿವೇಶನಗಳಿಗೆ ಮಳೆನೀರು ಕೊಯ್ಲು ಕಡ್ಡಾಯ ಮಾಡಿದ್ದಾರಲ್ಲ, ಎಷ್ಟು ಕಟ್ಟಡಗಳಲ್ಲಿ ಆ ಪೈಪು ಬರೀ ಶೋಕಿಗಿದೆ ಹೇಳಿ? ಮೊದಲ ಮಳೆಯ ಕೊಳೆ ನೀರು ಹೊರಗೆ ಬಿಟ್ಟು ಆಮೇಲಿನದ್ದನ್ನು ಒಂದು ಡ್ರಮ್ಮಿನಲ್ಲಿ ಹಿಡಿದಿಟ್ಟರೆ ಕಾರಿನ ಕೊನೆಯ ತೊಳೆತಕ್ಕೆ ಅದಕ್ಕಿಂತ ಒಳ್ಳೆಯ ನೀರು ದುಡ್ಡು ಕೊಟ್ಟರೂ ಸಿಗೋದಿಲ್ಲ.

"ಕಾರು ಇರೋದು ಓಡಿಸೋಕೆ, ಇಷ್ಟೆಲ್ಲ ಯಾಕೆ ತಲೆ ಕೆಡಿಸ್ಕೋಬೇಕು?" ಅಂತ ಕೊನೆಗೊಬ್ಬರು ಬಂದೇ ಬರುತ್ತಾರೆ. ಬೇಡ, ಖಂಡಿತ ಬೇಡ. ಧೂಳು ಹಾಗೇ ಇರಲಿ ಬಿಡಿ. ಕೂತ ಧೂಳು ಗೀರು ಹಾಕೋದಿಲ್ಲ, ಎಳೆದ ಧೂಳು ಹಾಕುತ್ತದೆ. ಏನೂ ಮಾಡದ ಸೋಮಾರಿಯ ಕಾರು ದಿನಾ ಒರೆಸಿಸಿಕೊಂಡ ಕಾರಿಗಿಂತ ಎಷ್ಟೋ ವಾಸಿ. ನನ್ನ ಜಗಳ ಸೋಮಾರಿಗಳ ಜೊತೆ ಅಲ್ಲವೇ ಅಲ್ಲ. ದಿನಾ ಹೊಳೆಯಬೇಕು, ಆದರೆ ಅದಕ್ಕೆ ಸಮಯ, ನೀರು, ದುಡ್ಡು ಯಾವುದನ್ನೂ ಕೊಡೋದಿಲ್ಲ, ಗೀರು ಬಿದ್ದರೆ ಮಾತ್ರ ಐನೂರು ರೂಪಾಯಿಯವನ ಕುತ್ತಿಗೆ ಹಿಡಿಯುತ್ತೇನೆ ಅನ್ನುವವರ ಜೊತೆ.

ನಮ್ಮ ಕಟ್ಟಡದಲ್ಲಿ ನಾನು ಇಟ್ಟಿರೋ ಪ್ರಸ್ತಾಪ ಇಷ್ಟು. ದಿನಾ ಒರೆಸೋದು ನಿಲ್ಲಲಿ, ಗಾಜು ಮಾತ್ರ ಒರೆಸಲಿ. ಹದಿನೈದು ದಿನಕ್ಕೊಮ್ಮೆ ಎರಡು ಬಕೆಟ್ಟಿನಲ್ಲಿ ಸರಿಯಾಗಿ ತೊಳೆಯಲಿ, ದಿನಕ್ಕೆ ಎರಡೋ ಮೂರೋ ಕಾರು ಬಂತು ಅಷ್ಟೇ. ಬಕೆಟ್, ಶಾಂಪೂ, ನಾಲ್ಕು ಬಟ್ಟೆ ಕಾರಿನವರದ್ದು. ಸಂಬಳ ಒಂದು ಪೈಸೆಯೂ ಕಡಿಮೆ ಆಗಬಾರದು. ಇಲ್ಲಿಯವರೆಗೆ ಒಪ್ಪಿದವರು ಆರು ಜನ. ಕಡುನೀಲಿ ಕಾರಿನವರು ಅದರಲ್ಲಿಲ್ಲ.

ನಿಮ್ಮ ಕಟ್ಟಡದಲ್ಲಿ ಹೇಗಿದೆ? ಒಪ್ಪದವರೂ ಬರೆಯಿರಿ, ಆದರೆ ಬರೆಯುವ ಮುಂಚೆ ಪ್ಲಾಸ್ಟಿಕ್ ಕವರ್ ಪರೀಕ್ಷೆ ಮಾಡಿ ಬನ್ನಿ, ಅಷ್ಟು ಸಾಕು.

ಕೊಸರು: ಪೂಜೆ ಮಾಡಬೇಡಿ ಅಂತ ನಾನೆಲ್ಲೂ ಹೇಳಿಲ್ಲ. ಅರಿಶಿನ, ಕುಂಕುಮ ಸಂಜೆಯೊಳಗೆ ನೀರು ಹಾಕಿ ಇಳಿಸಿ, ಹಾರವನ್ನು ಅಂಟುಪಟ್ಟಿ ಬದಲು ದಾರದಲ್ಲಿ ಕಟ್ಟಿ. ದೇವರಿಗೂ ಖುಷಿ, ಬಣ್ಣಕ್ಕೂ ಖುಷಿ :-)